75ರ ಗಾಯಕ, 16 ಕಛೇರಿ: ಸ್ಪ್ರಿಂಗ್‌ಸ್ಟೀನ್ ಯೂರೋಪ್ ಪ್ರವಾಸದ ಒಳಹೊರಗು

2025ರ ಮೇ 14ರ ರಾತ್ರಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ 'ಕೋ-ಆಪ್ ಲೈವ್' ಸಭಾಂಗಣದಲ್ಲಿ ಅಮೆರಿಕದ ಹಿರಿಯ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ವೇದಿಕೆ ಏರಿದರು. ಮೊದಲ ಹಾಡು ಹಾಡುವುದಕ್ಕೆ ಮುನ್ನವೇ ಅವರು ಆಡಿದ ಕೆಲವು ಮಾತುಗಳು ಮರುದಿನ ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ಸುದ್ದಿಯಾದವು. ತಾವು 50 ವರ್ಷಗಳಿಂದ ಹಾಡುತ್ತಾ ಬಂದ ಅಮೆರಿಕ ಇಂದು ಭ್ರಷ್ಟ, ಅಸಮರ್ಥ ಹಾಗೂ ದೇಶದ್ರೋಹಿ ಆಡಳಿತದ ಕೈಯಲ್ಲಿದೆ ಎಂಬುದು ಆ ಮಾತುಗಳ ಸಾರಾಂಶ. ಎರಡೇ ದಿನಗಳಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರಿಂದ ಕಟುವಾದ ಪ್ರತಿಕ್ರಿಯೆಯೂ ಬಂತು. ಈ ಗಾಯಕ ಪ್ರತಿಭಾವಂತನಲ್ಲ, ಸ್ವದೇಶಕ್ಕೆ ಮರಳುವವರೆಗೆ ಬಾಯಿ ಮುಚ್ಚಿಕೊಂಡಿರುವುದು ಒಳಿತು ಎಂದು ಅವರು ತಮ್ಮ ಸಾಮಾಜಿಕ ಜಾಲತಾಣದಲ್ಲಿ ಬರೆದರು.

ಹೀಗೆ ಆರಂಭವಾದ ಪ್ರವಾಸ 51 ದಿನಗಳ ಕಾಲ ನಡೆಯಿತು. ಆರು ದೇಶಗಳ 10 ನಗರಗಳಲ್ಲಿ 16 ಕಛೇರಿಗಳಾದವು. ಜುಲೈ 3ರಂದು ಇಟಲಿಯ ಮಿಲಾನ್ ನಗರದಲ್ಲಿ ಅದು ಮುಕ್ತಾಯಗೊಂಡಿತು. ಹೊರನೋಟಕ್ಕೆ ಇದು ಹಿರಿಯ ಗಾಯಕರೊಬ್ಬರ ಮತ್ತೊಂದು ಬೇಸಿಗೆ ಪ್ರವಾಸ. ಆದರೆ ಅದರ ಹಿಂದೆ ಸಂಗೀತೋದ್ಯಮದ ಅರ್ಥಶಾಸ್ತ್ರವಿದೆ, ಮುಪ್ಪಿನೊಂದಿಗಿನ ಸೆಣಸಾಟವಿದೆ, ಅಭಿಮಾನಿಗಳ ಮುನಿಸಿದೆ. ಕಲಾವಿದನೊಬ್ಬ ಪರದೇಶದ ನೆಲದಲ್ಲಿ ನಿಂತು ತನ್ನ ದೇಶದ ಸರ್ಕಾರವನ್ನು ಟೀಕಿಸಬಹುದೇ ಎಂಬ ಹಳೆಯ ಪ್ರಶ್ನೆಯೂ ಇದೆ.

ಯಾರು ಈ ಸ್ಪ್ರಿಂಗ್‌ಸ್ಟೀನ್?

1949ರ ಸೆಪ್ಟೆಂಬರ್ 23ರಂದು ನ್ಯೂಜೆರ್ಸಿ ರಾಜ್ಯದಲ್ಲಿ ಜನಿಸಿದ ಸ್ಪ್ರಿಂಗ್‌ಸ್ಟೀನ್ ಬೆಳೆದದ್ದು ಫ್ರೀಹೋಲ್ಡ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಕಾರ್ಖಾನೆ ಕೆಲಸ, ಬಸ್ ಚಾಲನೆ ಎಂದು ಒಂದರಿಂದ ಇನ್ನೊಂದಕ್ಕೆ ಅಲೆದ ದುಡಿಮೆಗಾರ. ತಾಯಿ ವಕೀಲರ ಕಚೇರಿಯೊಂದರಲ್ಲಿ ಕಾರ್ಯದರ್ಶಿ. ಮುಚ್ಚಿದ ಕಾರ್ಖಾನೆ, ಕೆಲಸ ಕಳೆದುಕೊಂಡ ಕಾರ್ಮಿಕ, ಯುದ್ಧದಿಂದ ಮರಳಿದ ಸೈನಿಕ, ಊರು ಬಿಟ್ಟು ಓಡಬಯಸುವ ಯುವಜೋಡಿ - ಇವರೇ ಅವರ ಹಾಡುಗಳ ಪಾತ್ರಗಳು. 1975ರಲ್ಲಿ ಬಂದ 'ಬಾರ್ನ್ ಟು ರನ್' ಹಾಗೂ 1984ರ 'ಬಾರ್ನ್ ಇನ್ ದಿ ಯುಎಸ್‌ಎ' ಅವರ ಅತ್ಯಂತ ಜನಪ್ರಿಯ ಆಲ್ಬಂಗಳು.

ಇವುಗಳಲ್ಲಿ ಎರಡನೆಯದರ ಶೀರ್ಷಿಕೆ ಗೀತೆಯ ಕಥೆ ಸ್ವಾರಸ್ಯಕರ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕನಿಗೆ ಸ್ವದೇಶದಲ್ಲಿ ನೆಲೆಯಿಲ್ಲದಂತಾದ ನೋವು ಅದರ ವಸ್ತು. ಆದರೆ ಅದರ ಅಬ್ಬರದ ಪಲ್ಲವಿಯನ್ನಷ್ಟೇ ಕೇಳಿದ ಹಲವರು ಅದನ್ನು ದೇಶಭಕ್ತಿಯ ಜಯಘೋಷವೆಂದೇ ಭಾವಿಸಿದರು. 1984ರ ಚುನಾವಣೆಯ ವೇಳೆ ಅಂದಿನ ಅಧ್ಯಕ್ಷ ರೊನಾಲ್ಡ್ ರೇಗನ್ ನ್ಯೂಜೆರ್ಸಿಯಲ್ಲಿ ಭಾಷಣ ಮಾಡುತ್ತಾ ಸ್ಪ್ರಿಂಗ್‌ಸ್ಟೀನ್ ಅವರ ಹಾಡುಗಳಲ್ಲಿರುವ ಭರವಸೆಯನ್ನು ಕೊಂಡಾಡಿದ್ದರು. ಗಾಯಕರಿಗೆ ಈ ಹೊಗಳಿಕೆ ರುಚಿಸಲಿಲ್ಲ. ಅವರ ಹಾಡುಗಳಿಗೂ ರಾಜಕಾರಣಕ್ಕೂ ನಡುವಿನ ಜಟಾಪಟಿ ಮೊನ್ನೆ ಮೊನ್ನೆಯದಲ್ಲ, 4 ದಶಕಗಳಷ್ಟು ಹಳೆಯದು.

ಅವರ ವಾದ್ಯವೃಂದದ ಹೆಸರು 'ಇ ಸ್ಟ್ರೀಟ್ ಬ್ಯಾಂಡ್'. ನ್ಯೂಜೆರ್ಸಿಯ ಬೆಲ್‌ಮಾರ್ ಪಟ್ಟಣದಲ್ಲಿ ತಂಡದ ಸದಸ್ಯರೊಬ್ಬರ ತಾಯಿಯ ಮನೆಯಿದ್ದ ಬೀದಿಯಿಂದ ಬಂದ ಹೆಸರಿದು. ಡ್ರಮ್ಸ್‌ನ ಮ್ಯಾಕ್ಸ್ ವೈನ್‌ಬರ್ಗ್, ಪಿಯಾನೋದ ರಾಯ್ ಬಿಟನ್, ಬೇಸ್ ಗಿಟಾರಿನ ಗ್ಯಾರಿ ಟ್ಯಾಲೆಂಟ್, ಗಿಟಾರ್ ವಾದಕರಾದ ಸ್ಟೀವ್ ವ್ಯಾನ್ ಝಾಂಟ್ ಹಾಗೂ ನಿಲ್ಸ್ ಲಾಫ್‌ಗ್ರೆನ್ - ಇವರೆಲ್ಲರೂ 70 ದಾಟಿದವರು.

ಯೂರೋಪೇ ಏಕೆ? ಬೇಸಿಗೆಯೇ ಏಕೆ?

ಪಾಶ್ಚಾತ್ಯ ರಾಕ್ ತಾರೆಯರ ಪ್ರವಾಸ ಪಟ್ಟಿಯನ್ನು ಗಮನಿಸಿದರೆ ಮೇ ತಿಂಗಳಿನಿಂದ ಜುಲೈವರೆಗೆ ಅವರು ಯೂರೋಪಿನಲ್ಲಿರುವುದು ಎದ್ದು ಕಾಣುತ್ತದೆ. ಇದಕ್ಕೆ ಮೊದಲ ಕಾರಣ ಫುಟ್‌ಬಾಲ್. ಯೂರೋಪಿನ ಪ್ರಮುಖ ಲೀಗ್‌ಗಳು ಮೇ ಅಂತ್ಯದ ವೇಳೆಗೆ ಮುಗಿಯುತ್ತವೆ. ಮುಂದಿನ ಋತು ಆರಂಭವಾಗುವುದು ಆಗಸ್ಟ್‌ನಲ್ಲಿ. ನಡುವಿನ ಅವಧಿಯಲ್ಲಿ ಹತ್ತಾರು ಸಾವಿರ ಆಸನಗಳ ಕ್ರೀಡಾಂಗಣಗಳು ಖಾಲಿ ಬಿದ್ದಿರುತ್ತವೆ. ಮೈದಾನದ ಹುಲ್ಲಿನ ಮೇಲೆ ಹಲಗೆ ಹಾಸಿ ವೇದಿಕೆ ಕಟ್ಟಲು ಇದಕ್ಕಿಂತ ಸೂಕ್ತ ಸಮಯವಿಲ್ಲ. ಬಾಡಿಗೆ ಸಿಗುವುದರಿಂದ ಕ್ಲಬ್‌ಗಳಿಗೂ ಲಾಭ.

ಎರಡನೆಯದು ಹವಾಮಾನ. ಜೂನ್ ತಿಂಗಳಲ್ಲಿ ಉತ್ತರ ಯೂರೋಪಿನ ಹಲವೆಡೆ ರಾತ್ರಿ 10 ಗಂಟೆಯ ಹೊತ್ತಿಗೂ ಸಂಜೆಯ ಬೆಳಕು ಉಳಿದಿರುತ್ತದೆ. ನಮ್ಮಲ್ಲಿ ಮಳೆಗಾಲ ಆರಂಭವಾಗುವ ಹೊತ್ತಿಗೆ ಅಲ್ಲಿ ಬಯಲು ಕಾರ್ಯಕ್ರಮಗಳ ಸುಗ್ಗಿ. ಮೂರನೆಯ ಕಾರಣ ಭೂಗೋಳ. ಕೆಲವು ನೂರು ಕಿಲೋಮೀಟರ್ ಅಂತರದಲ್ಲಿ ಬೇರೊಂದು ದೇಶ, ಬೇರೊಂದು ಭಾಷೆ, ಬೇರೊಂದು ಪ್ರೇಕ್ಷಕ ವರ್ಗ ಸಿಗುವ ಖಂಡ ಅದು. ರೈಲು ಹಾಗೂ ಅಗ್ಗದ ವಿಮಾನ ಸೇವೆಗಳಿಂದಾಗಿ ಅಭಿಮಾನಿಗಳು ಒಂದೇ ಪ್ರವಾಸದ ಮೂರ್ನಾಲ್ಕು ಕಛೇರಿಗಳನ್ನು ಹಿಂಬಾಲಿಸುವುದೂ ಸಾಮಾನ್ಯ.

ಸ್ಪ್ರಿಂಗ್‌ಸ್ಟೀನ್ ಮತ್ತು ಯೂರೋಪಿನ ನಂಟು ಆರಂಭವಾದದ್ದು ಮಾತ್ರ ಮುಜುಗರದಿಂದ. 1975ರ ನವೆಂಬರ್‌ನಲ್ಲಿ ಅವರು ಮೊದಲ ಬಾರಿಗೆ ಲಂಡನ್‌ಗೆ ಬಂದಾಗ ಧ್ವನಿಮುದ್ರಣ ಕಂಪನಿ ಊರ ತುಂಬಾ ಅಬ್ಬರದ ಭಿತ್ತಿಪತ್ರಗಳನ್ನು ಅಂಟಿಸಿತ್ತು. ಅದರಿಂದ ಸಿಟ್ಟಾದ ಯುವ ಗಾಯಕ ಅವುಗಳನ್ನು ಸ್ವತಃ ಹರಿದು ಹಾಕಿದ್ದರು. ಲಂಡನ್, ಸ್ಟಾಕ್‌ಹೋಮ್, ಆಮ್‌ಸ್ಟರ್‌ಡಾಂಗಳಲ್ಲಿ ಒಟ್ಟು ನಾಲ್ಕು ಕಛೇರಿ ನೀಡಿ ಅವರು ಮರಳಿದರು. ಪೂರ್ಣ ಪ್ರಮಾಣದ ಯೂರೋಪ್ ಪ್ರವಾಸಕ್ಕೆ 1981ರವರೆಗೆ ಕಾಯಬೇಕಾಯಿತು. 1985ರಲ್ಲಿ ಐರ್ಲೆಂಡಿನ ಸ್ಲೇನ್ ಕೋಟೆಯ ಬಯಲಿನಲ್ಲಿ, ಬಳಿಕ ಮಿಲಾನ್‌ನ ಸ್ಯಾನ್ ಸಿರೊ ಕ್ರೀಡಾಂಗಣದಲ್ಲಿ ಹಾಡುವ ವೇಳೆಗೆ ಅವರು ಅಲ್ಲಿ ಮನೆಮಾತಾಗಿದ್ದರು. ಅವರ ಅತಿ ದೀರ್ಘ ಕಛೇರಿ ನಡೆದದ್ದೂ ಯೂರೋಪಿನಲ್ಲೇ. 2012ರ ಜುಲೈ 31ರಂದು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಅವರು 4 ಗಂಟೆ 6 ನಿಮಿಷ ಹಾಡಿದ್ದರು.

ಟ್ರಕ್ಕುಗಳ ಮೇಲೆ ಸಾಗುವ ಊರು

ಕ್ರೀಡಾಂಗಣದ ಕಛೇರಿಯೆಂದರೆ ಒಂದು ಸಣ್ಣ ಊರನ್ನೇ ಕಟ್ಟಿ ಕೆಡವಿದಂತೆ. ಉಕ್ಕಿನ ಚೌಕಟ್ಟು, ಧ್ವನಿವರ್ಧಕಗಳು, ಬೃಹತ್ ಪರದೆಗಳು, ಜನರೇಟರ್‌ಗಳು, ಅಡುಗೆಮನೆ - ಎಲ್ಲವೂ ಟ್ರಕ್ಕುಗಳಲ್ಲಿ ಸಾಗಬೇಕು. ಉಕ್ಕಿನ ಚೌಕಟ್ಟು ಕಟ್ಟಲು ಹಲವು ದಿನಗಳು ಬೇಕಾಗುವುದರಿಂದ ದೊಡ್ಡ ಪ್ರವಾಸಗಳಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಚೌಕಟ್ಟುಗಳನ್ನು ಇಟ್ಟುಕೊಳ್ಳಲಾಗುತ್ತದೆ. ಒಂದು ಊರಿನಲ್ಲಿ ಹಾಡು ನಡೆಯುತ್ತಿರುವಾಗಲೇ ಮುಂದಿನ ಊರಿನಲ್ಲಿ ವೇದಿಕೆ ಮೇಲೇಳುತ್ತಿರುತ್ತದೆ. ಧ್ವನಿ ಹಾಗೂ ಬೆಳಕಿನ ಉಪಕರಣಗಳು ಮಾತ್ರ ರಾತ್ರೋರಾತ್ರಿ ಅಲ್ಲಿಗೆ ಪ್ರಯಾಣ ಬೆಳೆಸುತ್ತವೆ.

2025ರ ಪ್ರವಾಸದ ದಿನಸೂಚಿಯೇ ಈ ಲೆಕ್ಕಾಚಾರವನ್ನು ಹೇಳುತ್ತದೆ. ಮ್ಯಾಂಚೆಸ್ಟರ್‌ನಲ್ಲಿ ಮೇ 14, 17 ಮತ್ತು 20. ಫ್ರಾನ್ಸ್‌ನ ಲೀಲ್‌ನಲ್ಲಿ ಮೇ 24 ಮತ್ತು 27, ಮಾರ್ಸೆಯಲ್ಲಿ ಮೇ 31. ಲಿವರ್‌ಪೂಲ್‌ನ ಆನ್‌ಫೀಲ್ಡ್‌ನಲ್ಲಿ ಜೂನ್ 4 ಮತ್ತು 7. ನಂತರ ಬರ್ಲಿನ್, ಪ್ರಾಗ್, ಫ್ರಾಂಕ್‌ಫರ್ಟ್. ಸ್ಪೇನ್‌ನ ಸ್ಯಾನ್ ಸೆಬಾಸ್ಟಿಯನ್‌ನಲ್ಲಿ ಎರಡು ದಿನ, ಜರ್ಮನಿಯ ಗೆಲ್ಸೆನ್‌ಕಿರ್ಖೆನ್‌ನಲ್ಲಿ ಒಂದು ದಿನ, ಕೊನೆಗೆ ಮಿಲಾನ್‌ನಲ್ಲಿ ಜೂನ್ 30 ಮತ್ತು ಜುಲೈ 3. ಸತತ ಎರಡು ದಿನ ಕಛೇರಿ ನಡೆದ ಉದಾಹರಣೆ ಒಂದೂ ಇಲ್ಲ. ಕನಿಷ್ಠ ಎರಡು ದಿನಗಳ ಬಿಡುವು ಕಡ್ಡಾಯವೆಂಬಂತೆ ಪಾಲನೆಯಾಗಿದೆ. ಟ್ರಕ್ಕುಗಳಿಗೆ ಸಮಯ ಬೇಕು ಎಂಬುದು ಒಂದು ಕಾರಣ. ಗಾಯಕನ ಗಂಟಲಿಗೆ ವಿಶ್ರಾಂತಿ ಬೇಕು ಎಂಬುದು ಅದಕ್ಕಿಂತ ಮುಖ್ಯವಾದ ಕಾರಣ.

ಸ್ಥಳೀಯ ಕಾನೂನುಗಳ ಕಾಟವೂ ಇರುತ್ತದೆ. 2012ರ ಜುಲೈ 14ರಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಸ್ಪ್ರಿಂಗ್‌ಸ್ಟೀನ್ ಅವರೊಂದಿಗೆ ಬೀಟಲ್ಸ್ ಖ್ಯಾತಿಯ ಪಾಲ್ ಮೆಕಾರ್ಟ್ನಿ ವೇದಿಕೆ ಹಂಚಿಕೊಂಡಿದ್ದರು. ರಾತ್ರಿ ಹತ್ತೂವರೆಯ ಗಡುವು ಮೀರಿತೆಂದು ಸಂಘಟಕರು ಧ್ವನಿವರ್ಧಕಗಳನ್ನೇ ಬಂದ್ ಮಾಡಿದರು. ಇಬ್ಬರು ದಿಗ್ಗಜರು ಮೂಕರಾಗಿ ವೇದಿಕೆಯಿಂದ ಇಳಿಯಬೇಕಾಯಿತು. ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದನ್ನು ನಿರ್ಬಂಧಿಸುವ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳನ್ನು ಬಲ್ಲ ಬೆಂಗಳೂರಿನ ಸಂಗೀತಪ್ರಿಯರಿಗೆ ಈ ದೃಶ್ಯ ಅಪರಿಚಿತವೇನಲ್ಲ. ಅಂದ ಹಾಗೆ, ಹೈಡ್ ಪಾರ್ಕ್‌ನಲ್ಲಿ ಅರ್ಧಕ್ಕೆ ನಿಂತ ಆ ಜೋಡಿ 2025ರ ಜೂನ್ 7ರಂದು ಲಿವರ್‌ಪೂಲ್‌ನಲ್ಲಿ ಮತ್ತೆ ಒಟ್ಟಾಯಿತು. ಮೆಕಾರ್ಟ್ನಿ ಅವರ ಹುಟ್ಟೂರಿನ ಪ್ರೇಕ್ಷಕರ ಸಂಭ್ರಮಕ್ಕೆ ಪಾರವೇ ಇರಲಿಲ್ಲ.

ಹಣ ಯಾರಿಗೆ, ಹೊರೆ ಯಾರಿಗೆ?

ಒಂದು ಕಾಲದಲ್ಲಿ ಸಂಗೀತ ಪ್ರವಾಸವೆಂದರೆ ಹೊಸ ಆಲ್ಬಂನ ಜಾಹೀರಾತು. ಪ್ರವಾಸದಲ್ಲಿ ಹೆಚ್ಚು ಉಳಿಯದಿದ್ದರೂ ಧ್ವನಿಸುರುಳಿ, ಸಿ.ಡಿ. ಮಾರಾಟದಿಂದ ಹಣ ಬರುತ್ತಿತ್ತು. 2000ನೇ ಇಸವಿಯ ನಂತರ ಅಂತರ್ಜಾಲದ ಮೂಲಕ ಹಾಡುಗಳ ಉಚಿತ ವಿನಿಮಯ ಆರಂಭವಾಯಿತು, ಬಳಿಕ ಸ್ಟ್ರೀಮಿಂಗ್ ಸೇವೆಗಳು ಬಂದವು. ಲೆಕ್ಕ ತಲೆಕೆಳಗಾಯಿತು. ಒಂದು ಹಾಡನ್ನು ಒಮ್ಮೆ ಕೇಳಿದರೆ ಕಲಾವಿದನಿಗೆ ದಕ್ಕುವುದು ಪುಡಿಗಾಸು. ಹೀಗಾಗಿ ಇಂದು ಆಲ್ಬಂ ಎಂಬುದೇ ಪ್ರವಾಸದ ಜಾಹೀರಾತಾಗಿದೆ.

ಪ್ರವಾಸದ ಹಣಕಾಸಿನ ಕೇಂದ್ರಬಿಂದು ಸಂಘಟಕ, ಅಂದರೆ ಪ್ರೊಮೋಟರ್. ಆತ ಕಲಾವಿದನಿಗೆ ಇಂತಿಷ್ಟು ಎಂದು ಖಾತರಿ ಮೊತ್ತ ನೀಡುತ್ತಾನೆ. ಖರ್ಚು ಕಳೆದು ಉಳಿದ ಆದಾಯದಲ್ಲಿ ಸಿಂಹಪಾಲು ದೊಡ್ಡ ತಾರೆಯರಿಗೇ ಹೋಗುವುದು ರೂಢಿ. ಮಳೆ, ಮುಷ್ಕರ, ಅನಾರೋಗ್ಯಗಳ ಅಪಾಯಕ್ಕೆ ವಿಮೆ ಮಾಡಿಸಲಾಗುತ್ತದೆ. ಗಾಯಕನ ವಯಸ್ಸು ಹೆಚ್ಚಿದಷ್ಟೂ ಈ ವಿಮೆ ದುಬಾರಿ.

2023ರ ಫೆಬ್ರವರಿ 1ರಂದು ಅಮೆರಿಕದ ಟ್ಯಾಂಪಾದಲ್ಲಿ ಆರಂಭವಾಗಿ 2025ರ ಜುಲೈನಲ್ಲಿ ಮಿಲಾನ್‌ನಲ್ಲಿ ಮುಗಿದ ಸ್ಪ್ರಿಂಗ್‌ಸ್ಟೀನ್ ಪ್ರವಾಸ ಸರಣಿಯಲ್ಲಿ ಒಟ್ಟು 129 ಕಛೇರಿಗಳು ನಡೆದವು. ಸುಮಾರು 49 ಲಕ್ಷ ಟಿಕೆಟ್‌ಗಳು ಮಾರಾಟವಾಗಿ ಸುಮಾರು 73 ಕೋಟಿ ಡಾಲರ್ ಸಂಗ್ರಹವಾಯಿತು. ಅವರ ವೃತ್ತಿಜೀವನದಲ್ಲಿ ಇಷ್ಟು ಗಳಿಕೆ ಕಂಡ ಬೇರೊಂದು ಪ್ರವಾಸವಿಲ್ಲ. 2021ರ ಕೊನೆಯಲ್ಲಿ ತಮ್ಮ ಹಾಡುಗಳ ಹಕ್ಕನ್ನು ಸೋನಿ ಸಂಸ್ಥೆಗೆ ಸುಮಾರು 50 ಕೋಟಿ ಡಾಲರ್‌ಗೆ ಅವರು ಮಾರಿದ್ದರೆಂದು ವರದಿಯಾಗಿತ್ತು. ಆದ್ದರಿಂದ ಹಣದ ಅಗತ್ಯಕ್ಕಾಗಿ ಈ ವಯಸ್ಸಿನಲ್ಲಿ ಊರೂರು ಅಲೆಯುತ್ತಿದ್ದಾರೆ ಎನ್ನುವಂತಿಲ್ಲ.

ಆದರೆ ಅಭಿಮಾನಿಗಳಿಗೆ ನೋವಾದದ್ದು ಹಣದ ವಿಷಯದಲ್ಲೇ. 2022ರ ಜುಲೈನಲ್ಲಿ ಅಮೆರಿಕದ ಕಛೇರಿಗಳ ಟಿಕೆಟ್ ಮಾರಾಟ ಆರಂಭವಾದಾಗ ಬೇಡಿಕೆಗೆ ತಕ್ಕಂತೆ ದರ ಏರಿಸುವ ಪದ್ಧತಿಯನ್ನು ಟಿಕೆಟ್ ಸಂಸ್ಥೆ ಅನುಸರಿಸಿತು. ಕೆಲವು ಆಸನಗಳ ಬೆಲೆ 4,000 ಡಾಲರ್ ಮೀರಿತು. ಶೇ 88ರಷ್ಟು ಟಿಕೆಟ್‌ಗಳು ನಿಗದಿತ ದರಕ್ಕೇ ಮಾರಾಟವಾಗಿವೆ ಎಂಬ ಸಂಸ್ಥೆಯ ಸಮಜಾಯಿಷಿಯಿಂದ ಯಾರಿಗೂ ಸಮಾಧಾನವಾಗಲಿಲ್ಲ. ಕಾರ್ಮಿಕರ ಬವಣೆ ಹಾಡುವ ಗಾಯಕನ ಕಛೇರಿಗೆ ಕಾರ್ಮಿಕನೇ ಹೋಗಲಾರ ಎಂದರೆ ಹೇಗೆ ಎಂದು ಅಭಿಮಾನಿಗಳು ಪ್ರಶ್ನಿಸಿದರು. ಬಹುಕಾಲ ಇತರರಿಗಿಂತ ಕಡಿಮೆ ದರ ಇಟ್ಟಿದ್ದೆವು, ಈ ಬಾರಿ ಇತರರಂತೆಯೇ ಮಾಡಿದೆವು ಎಂಬ ಅರ್ಥದ ಉತ್ತರವನ್ನು ಗಾಯಕರು ನೀಡಿದರು. 1980ರಿಂದ ಅವರ ಸಂಗೀತಕ್ಕೇ ಮೀಸಲಾಗಿದ್ದ 'ಬ್ಯಾಕ್‌ಸ್ಟ್ರೀಟ್ಸ್' ಎಂಬ ಅಭಿಮಾನಿ ಪತ್ರಿಕೆ 2023ರ ಫೆಬ್ರವರಿಯಲ್ಲಿ, ಪ್ರವಾಸ ಆರಂಭವಾದ ಬೆನ್ನಲ್ಲೇ, ಬಾಗಿಲು ಮುಚ್ಚುವುದಾಗಿ ಪ್ರಕಟಿಸಿತು. 43 ವರ್ಷಗಳ ನಂಟು ಕಡಿದುಕೊಂಡದ್ದಕ್ಕೆ ಟಿಕೆಟ್ ದರದ ಬೇಸರವೂ ಕಾರಣವೆಂದು ಅದು ಮುಚ್ಚಿಡಲಿಲ್ಲ.

ಯೂರೋಪಿನ ಟಿಕೆಟ್ ಮಾರಾಟದ ವೇಳೆ ಅಷ್ಟು ದೊಡ್ಡ ಕೋಲಾಹಲ ಏಳಲಿಲ್ಲ. ಅಲ್ಲಿನ ಕ್ರೀಡಾಂಗಣ ಕಛೇರಿಗಳಲ್ಲಿ ಮೈದಾನದ ಬಹುಭಾಗ ನಿಂತು ನೋಡುವವರಿಗೆ ಮೀಸಲು. ವೇದಿಕೆಯ ಮುಂದಿನ ಜಾಗಕ್ಕಾಗಿ ಅಭಿಮಾನಿಗಳು ತಾವೇ ಹಾಜರಿ ಪಟ್ಟಿ ಮಾಡಿ, ಕೈಮೇಲೆ ಸರದಿ ಸಂಖ್ಯೆ ಬರೆದುಕೊಂಡು, ದಿನಕ್ಕೆ ಹಲವು ಬಾರಿ ಹಾಜರಿ ಹಾಕಿ ಕಾಯುತ್ತಾರೆ. ಮುಂದಿನ ಸಾಲು ಹಣವಂತನಿಗಲ್ಲ, ತಾಳ್ಮೆವಂತನಿಗೆ ಎಂಬ ಈ ವ್ಯವಸ್ಥೆ ಪೂರ್ತಿ ಅಭಿಮಾನಿಗಳೇ ರೂಪಿಸಿದ್ದು ಎಂಬುದು ಗಮನಾರ್ಹ.

ದೇಹದೊಂದಿಗಿನ ಒಪ್ಪಂದ

ಹಿರಿಯ ಕಲಾವಿದರ ಪ್ರವಾಸದಲ್ಲಿ ದೊಡ್ಡ ಅನಿಶ್ಚಿತತೆ ಎಂದರೆ ಶರೀರ. 2023ರ ಸೆಪ್ಟೆಂಬರ್‌ನಲ್ಲಿ ಸ್ಪ್ರಿಂಗ್‌ಸ್ಟೀನ್ ಅವರಿಗೆ ಜಠರದ ಹುಣ್ಣು ಕಾಣಿಸಿಕೊಂಡು ಆ ವರ್ಷದ ಉಳಿದೆಲ್ಲ ಕಛೇರಿಗಳು ಮುಂದೂಡಲ್ಪಟ್ಟವು. 2024ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡ್‌ನಲ್ಲಿ ಮಳೆಯಲ್ಲೇ ಹಾಡಿದ ಬಳಿಕ ಧ್ವನಿ ಕೈಕೊಟ್ಟಿತು. ಮಾರ್ಸೆ, ಪ್ರಾಗ್ ಹಾಗೂ ಮಿಲಾನ್ ಕಛೇರಿಗಳನ್ನು ಕೈಬಿಡಬೇಕಾಯಿತು. 2025ರ ಪಟ್ಟಿಯಲ್ಲಿ ಇದೇ ಮೂರು ನಗರಗಳು ಮತ್ತೆ ಕಾಣಿಸಿಕೊಂಡದ್ದು ಆ ಕಾರಣಕ್ಕೆ. ಒಂದು ರೀತಿಯಲ್ಲಿ ಇದು ಹಳೆಯ ಸಾಲ ತೀರಿಸುವ ಪ್ರವಾಸವೂ ಆಗಿತ್ತು.

ಸಾಲ ತೀರಿಸುವ ಹಾದಿಯಲ್ಲೂ ವಿಘ್ನ ತಪ್ಪಲಿಲ್ಲ. 2025ರ ಜೂನ್‌ನಲ್ಲಿ ಸ್ಯಾನ್ ಸೆಬಾಸ್ಟಿಯನ್‌ನ ಮೊದಲ ಕಛೇರಿಯ ಬಳಿಕ 74 ವರ್ಷದ ಸ್ಟೀವ್ ವ್ಯಾನ್ ಝಾಂಟ್ ಅವರಿಗೆ ತೀವ್ರ ಹೊಟ್ಟೆನೋವು ಕಾಣಿಸಿಕೊಂಡಿತು. ಅಪೆಂಡಿಸೈಟಿಸ್ ಎಂದು ತಿಳಿದು ಅಲ್ಲಿಯೇ ಶಸ್ತ್ರಚಿಕಿತ್ಸೆ ನಡೆಯಿತು. ಎರಡನೇ ದಿನದ ಕಛೇರಿ ಅವರಿಲ್ಲದೆಯೇ ನಡೆಯಿತು.

ಇಂಥ ಪ್ರಸಂಗಗಳು ಇವರಿಗಷ್ಟೇ ಸೀಮಿತವಲ್ಲ. ರೋಲಿಂಗ್ ಸ್ಟೋನ್ಸ್ ತಂಡದ ಮಿಕ್ ಜಾಗರ್ ಅವರಿಗೆ 2022ರ ಜೂನ್‌ನಲ್ಲಿ ಕೋವಿಡ್ ತಗುಲಿ ಆಮ್‌ಸ್ಟರ್‌ಡಾಂ ಕಛೇರಿ ಕೊನೆಗಳಿಗೆಯಲ್ಲಿ ರದ್ದಾಗಿತ್ತು. ಎಲ್ಟನ್ ಜಾನ್ 2023ರ ಜುಲೈ 8ರಂದು ಸ್ಟಾಕ್‌ಹೋಮ್‌ನಲ್ಲಿ ತಮ್ಮ ವಿದಾಯ ಪ್ರವಾಸದ ಕೊನೆಯ ಕಛೇರಿ ನೀಡಿದರು. ಓಝಿ ಆಸ್‌ಬರ್ನ್ 2025ರ ಜುಲೈ 5ರಂದು ಹುಟ್ಟೂರು ಬರ್ಮಿಂಗ್‌ಹ್ಯಾಂನಲ್ಲಿ ಕುರ್ಚಿಯಲ್ಲಿ ಕುಳಿತು ಹಾಡಿದರು. 17 ದಿನಗಳ ನಂತರ ಅವರು ತೀರಿಕೊಂಡರು. 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ಭಾರತದ ತಮ್ಮ ಮೊದಲ ಕಛೇರಿ ನೀಡಿದಾಗ ಮುಂದೆ ನಿಂತಿದ್ದವರಿಗೆ ಅಂದಿನ ಡ್ರಮ್ಸ್ ವಾದಕ ಚಾರ್ಲಿ ವಾಟ್ಸ್ ನೆನಪಿರಬಹುದು. ಅವರು 2021ರಲ್ಲಿ ನಿಧನರಾದರು. ರಾಕ್ ಸಂಗೀತವನ್ನು ಕಟ್ಟಿದ ತಲೆಮಾರು ಒಬ್ಬೊಬ್ಬರಾಗಿ ನೇಪಥ್ಯಕ್ಕೆ ಸರಿಯುತ್ತಿದೆ. ಉಳಿದವರನ್ನು ನೋಡಲು ಜನ ಮುಗಿಬೀಳುವುದರಲ್ಲಿ ಈ ಅರಿವಿನ ಪಾಲೂ ಇದೆ.

ಸ್ಪ್ರಿಂಗ್‌ಸ್ಟೀನ್ ಅದನ್ನು ಮರೆಮಾಚುವುದಿಲ್ಲ. ಹದಿಹರೆಯದಲ್ಲಿ ಅವರು ಹಾಡುತ್ತಿದ್ದ 'ಕ್ಯಾಸ್ಟೈಲ್ಸ್' ತಂಡದ ಸದಸ್ಯರಲ್ಲಿ ಇಂದು ಬದುಕುಳಿದವರು ಅವರೊಬ್ಬರೇ. ಅದನ್ನೇ ವಸ್ತುವಾಗಿಸಿಕೊಂಡು ಬರೆದ ಹಾಡು 2023 ಮತ್ತು 2024ರ ಕಛೇರಿಗಳ ಕೇಂದ್ರದಲ್ಲಿತ್ತು. ಕೀಬೋರ್ಡ್ ವಾದಕ ಡ್ಯಾನಿ ಫೆಡರೀಚಿ 2008ರಲ್ಲಿ, ಸ್ಯಾಕ್ಸೊಫೋನ್ ವಾದಕ ಕ್ಲಾರೆನ್ಸ್ ಕ್ಲೆಮನ್ಸ್ 2011ರಲ್ಲಿ ತೀರಿಕೊಂಡರು. ಕ್ಲೆಮನ್ಸ್ ಅವರ ಜಾಗದಲ್ಲಿ ನಿಂತು ನುಡಿಸುವವರು ಅವರ ಸೋದರಳಿಯ ಜೇಕ್. ಪ್ರತಿ ಕಛೇರಿಯ ಕೊನೆಯ ಹಂತದಲ್ಲಿ ಅಗಲಿದ ಇಬ್ಬರ ಚಿತ್ರಗಳು ಪರದೆಯ ಮೇಲೆ ಮೂಡುತ್ತಿದ್ದವು. ಆ ಹೊತ್ತಿಗೆ ಇಡೀ ಕ್ರೀಡಾಂಗಣ ಕೈಯೆತ್ತಿ ಕೂಗುತ್ತಿತ್ತು.

ಒಂದು ಹಾಡಿನ 37 ವರ್ಷ

ಮ್ಯಾಂಚೆಸ್ಟರ್‌ನ ಮೊದಲ ರಾತ್ರಿಯ ಕೊನೆಯ ಹಾಡಿನ ಆಯ್ಕೆ ಆಕಸ್ಮಿಕವಲ್ಲ. ಅದು ಬಾಬ್ ಡಿಲನ್ 1964ರಲ್ಲಿ ಹೊರತಂದ 'ಚೈಮ್ಸ್ ಆಫ್ ಫ್ರೀಡಂ'. ಈ ಗೀತೆಯನ್ನು ಸ್ಪ್ರಿಂಗ್‌ಸ್ಟೀನ್ ಇ ಸ್ಟ್ರೀಟ್ ಬ್ಯಾಂಡ್‌ನೊಂದಿಗೆ ಹಿಂದೆ ಹಾಡಿದ್ದು 1988ರಲ್ಲಿ. ಆ ವರ್ಷದ ಬೇಸಿಗೆಯನ್ನು ನೆನೆಯದೆ 2025ರ ಪ್ರವಾಸ ಪೂರ್ತಿ ಅರ್ಥವಾಗದು.

1988ರ ಜುಲೈ 19ರಂದು ಅವರು ಪೂರ್ವ ಬರ್ಲಿನ್‌ನ ವೈಸೆನ್‌ಸೀ ಸೈಕಲ್ ಪಂದ್ಯ ಮೈದಾನದಲ್ಲಿ ಹಾಡಿದರು. ಕಮ್ಯುನಿಸ್ಟ್ ಆಡಳಿತದ ಯುವಸಂಘಟನೆಯೇ ಅದರ ಆಯೋಜಕ. ಮಾರಾಟವಾದ ಟಿಕೆಟ್‌ಗಳು ಸುಮಾರು 1,60,000. ಬಂದವರು ಅದಕ್ಕಿಂತಲೂ ಹೆಚ್ಚು. ತಮ್ಮ ಅರಿವಿಗೆ ಬಾರದಂತೆ ಆಡಳಿತ ಈ ಕಛೇರಿಗೆ ರಾಜಕೀಯ ಹಣೆಪಟ್ಟಿ ಅಂಟಿಸಿದೆ ಎಂದು ತಿಳಿದ ಗಾಯಕರು ಜರ್ಮನ್ ಭಾಷೆಯಲ್ಲೇ ಪುಟ್ಟ ಹೇಳಿಕೆಯೊಂದನ್ನು ಓದಿದರು. ತಾನು ಯಾವ ಸರ್ಕಾರದ ಪರವೂ ಅಲ್ಲ, ವಿರುದ್ಧವೂ ಅಲ್ಲ, ಮುಂದೊಂದು ದಿನ ಎಲ್ಲ ಅಡೆತಡೆಗಳೂ ಉರುಳಲಿ ಎಂಬ ಆಶಯದಿಂದ ಹಾಡಲು ಬಂದಿದ್ದೇನೆ ಎಂಬುದು ಅದರ ತಾತ್ಪರ್ಯ. ಮೂಲದಲ್ಲಿ ಇದ್ದ 'ಗೋಡೆಗಳು' ಎಂಬ ಪದವನ್ನು ಕೊನೆಗಳಿಗೆಯಲ್ಲಿ 'ಅಡೆತಡೆಗಳು' ಎಂದು ಬದಲಿಸಲಾಗಿತ್ತು. ಗೋಡೆಯ ನೆರಳಲ್ಲೇ ನಿಂತಿದ್ದ ಜನರಿಗೆ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಹೇಳಿಕೆಯ ಬೆನ್ನಿಗೇ ಹಾಡಿದ್ದು 'ಚೈಮ್ಸ್ ಆಫ್ ಫ್ರೀಡಂ'. 16 ತಿಂಗಳ ನಂತರ, 1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆಯಿತು. ಒಂದು ಕಛೇರಿಯಿಂದ ಗೋಡೆ ಬಿತ್ತು ಎನ್ನುವುದು ಅತಿಶಯೋಕ್ತಿ. ಗೋಡೆ ಬೀಳಲಿ ಎಂದು ಬಯಸುವವರು ತಾವು ಒಬ್ಬಂಟಿಯಲ್ಲ ಎಂದು ಆ ರಾತ್ರಿ ಕಂಡುಕೊಂಡರು ಎಂಬಷ್ಟನ್ನು ಹೇಳಬಹುದು.

ಅದೇ ವರ್ಷ ಈ ಪಯಣಕ್ಕೆ ಭಾರತದ ನಂಟೂ ಕೂಡಿಕೊಂಡಿತು. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಗೆ 40 ವರ್ಷ ತುಂಬಿದ ನೆನಪಿಗೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆ ವಿಶ್ವ ಪ್ರವಾಸವೊಂದನ್ನು ಏರ್ಪಡಿಸಿತ್ತು. ಸ್ಪ್ರಿಂಗ್‌ಸ್ಟೀನ್, ಸ್ಟಿಂಗ್, ಪೀಟರ್ ಗೇಬ್ರಿಯಲ್, ಟ್ರೇಸಿ ಚಾಪ್‌ಮನ್ ಹಾಗೂ ಯೂಸು ಎನ್‌ಡೂರ್ ಇದ್ದ ಆ ತಂಡ 1988ರ ಸೆಪ್ಟೆಂಬರ್ 30ರಂದು ನವದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಹಾಡಿತ್ತು.

ಪರದೇಶದಲ್ಲಿ ಸ್ವದೇಶದ ಟೀಕೆ

2025ಕ್ಕೆ ಮರಳಿದರೆ, ಟ್ರಂಪ್ ಅವರ ಪ್ರತಿಕ್ರಿಯೆ ಒಂದೇ ಬಾರಿಗೆ ನಿಲ್ಲಲಿಲ್ಲ. 2024ರ ಚುನಾವಣೆಯಲ್ಲಿ ಕಮಲಾ ಹ್ಯಾರಿಸ್ ಪರ ಹಾಡಿದ್ದಕ್ಕೆ ಈ ಗಾಯಕ ಸೇರಿದಂತೆ ಹಲವು ತಾರೆಯರಿಗೆ ಹಣ ಸಂದಿದೆಯೇ ಎಂಬುದರ ಬಗ್ಗೆ ತನಿಖೆಯಾಗಬೇಕೆಂದು ಅವರು ಒತ್ತಾಯಿಸಿದರು. ತಾವು ಹೊಡೆದ ಗಾಲ್ಫ್ ಚೆಂಡು ತಗುಲಿ ಗಾಯಕ ಮುಗ್ಗರಿಸುವಂತೆ ತಿದ್ದಿದ ವಿಡಿಯೊವನ್ನೂ ಹಂಚಿಕೊಂಡರು. ನ್ಯೂಜೆರ್ಸಿಯಲ್ಲಿ ಸ್ಪ್ರಿಂಗ್‌ಸ್ಟೀನ್ ಹಾಡುಗಳನ್ನೇ ಹಾಡುವ ತಂಡವೊಂದರ ಕಾರ್ಯಕ್ರಮವೂ ಈ ಬಿಸಿಯಲ್ಲಿ ರದ್ದಾಯಿತು. ಇತ್ತ ಅಮೆರಿಕದ ಸಂಗೀತಗಾರರ ಕಾರ್ಮಿಕ ಸಂಘಟನೆ ಗಾಯಕರ ಬೆಂಬಲಕ್ಕೆ ನಿಂತಿತು.

ಸ್ಪ್ರಿಂಗ್‌ಸ್ಟೀನ್ ಹಿಂದೆ ಸರಿಯಲಿಲ್ಲ, ವೈಯಕ್ತಿಕ ಬೈಗುಳಕ್ಕೂ ಇಳಿಯಲಿಲ್ಲ. ಮ್ಯಾಂಚೆಸ್ಟರ್‌ನ ಮೂರನೇ ಕಛೇರಿ ಮುಗಿದ ಮರುದಿನ, ಮೇ 21ರಂದು, ಮೊದಲ ರಾತ್ರಿಯ ನಾಲ್ಕು ಹಾಡು ಹಾಗೂ ಎರಡು ಭಾಷಣಗಳ ಧ್ವನಿಮುದ್ರಣವನ್ನೇ ಬಿಡುಗಡೆ ಮಾಡಿದರು. ಮುಂದಿನ ಊರುಗಳಲ್ಲೂ ಅದೇ ಮಾತು, ಅದೇ ಹಾಡುಗಳ ಸರಣಿ ಮುಂದುವರಿಯಿತು. ಫ್ರಾನ್ಸ್‌ನಲ್ಲಿ ಭಾಷಣದ ಫ್ರೆಂಚ್ ಅನುವಾದವನ್ನು ಪರದೆಯ ಮೇಲೆ ತೋರಿಸಲಾಯಿತು. ಪ್ರೇಕ್ಷಕರ ಕೈಯಲ್ಲಿನ ಫಲಕ ನೋಡಿ ಆ ಕ್ಷಣಕ್ಕೆ ಹಾಡು ಬದಲಿಸುವುದರಲ್ಲಿ ಹೆಸರಾದ ಗಾಯಕ ಈ ಬಾರಿ ಪಟ್ಟಿಯನ್ನು ಹೆಚ್ಚು ಬಿಗಿಯಾಗಿ ಇಟ್ಟುಕೊಂಡರು. ಹಾಡುಗಳ ಅನುಕ್ರಮವೇ ಒಂದು ವಾದವಾಗಿತ್ತು.

ಇದಕ್ಕೆ ಆಕ್ಷೇಪಗಳೂ ಇವೆ. ಮನೆಯ ಜಗಳವನ್ನು ಬೀದಿಗೆ ತಂದಂತೆ ಎಂಬುದು ಒಂದು. ಹಾಡು ಕೇಳಲು ಹಣ ಕೊಟ್ಟು ಬಂದವರಿಗೆ ಭಾಷಣ ಏಕೆ ಎಂಬುದು ಇನ್ನೊಂದು. ಕೋಟ್ಯಧಿಪತಿ ಗಾಯಕ ಜನಸಾಮಾನ್ಯರ ಪರ ಮಾತನಾಡುವುದರಲ್ಲಿ ವಿರೋಧಾಭಾಸವಿದೆ ಎಂಬುದು ಮೂರನೆಯದು. ಮೂರನೆಯ ಮಾತನ್ನು ತಳ್ಳಿಹಾಕುವಂತಿಲ್ಲ. ಟಿಕೆಟ್ ದರದ ವಿವಾದ ಅದಕ್ಕೆ ಸಾಕ್ಷಿ. 2023ರ ಮೇ 18ರಂದು ಇಟಲಿಯ ಎಮಿಲಿಯಾ-ರೊಮಾನ್ಯ ಪ್ರಾಂತ್ಯ ಪ್ರವಾಹದಲ್ಲಿ ಮುಳುಗಿ ಜನ ಸಾಯುತ್ತಿದ್ದಾಗ ಅದೇ ಪ್ರಾಂತ್ಯದ ಫೆರಾರಾದಲ್ಲಿ ಕಛೇರಿ ನಡೆಸಿ, ಸಂತ್ರಸ್ತರ ಬಗ್ಗೆ ಒಂದು ಮಾತೂ ಆಡಲಿಲ್ಲ ಎಂಬ ಟೀಕೆಯನ್ನೂ ಅವರು ಎದುರಿಸಿದ್ದರು. ಮಾತನಾಡುವ ಕಲಾವಿದನ ಮೌನವೂ ಲೆಕ್ಕಕ್ಕೆ ಬರುತ್ತದೆ.

ಮೊದಲ ಆಕ್ಷೇಪಕ್ಕೆ ಉತ್ತರ ಮಾತ್ರ 1988ರಲ್ಲೇ ಇದೆ. ಅಂದು ಪೂರ್ವ ಬರ್ಲಿನ್‌ನಲ್ಲಿ ಬೇರೊಂದು ದೇಶದ ಅಡೆತಡೆಗಳ ಬಗ್ಗೆ ಮಾತನಾಡಿದ ಅಮೆರಿಕದ ಗಾಯಕನನ್ನು ಅವರ ದೇಶವಾಸಿಗಳು ಮೆಚ್ಚಿಕೊಂಡಿದ್ದರು. ಪರರ ಗೋಡೆಯ ಬಗ್ಗೆ ಹಾಡುವುದು ಧೈರ್ಯವಾದರೆ ತನ್ನದೇ ಮನೆಯ ಗೋಡೆಯ ಬಗ್ಗೆ ಅದೇ ಹಾಡನ್ನು ಹಾಡುವುದು ಅಪರಾಧವಾಗುವುದು ಹೇಗೆ? 2025ರ ಜೂನ್ 11ರಂದು ಅವರು ಮತ್ತೆ ಬರ್ಲಿನ್‌ನಲ್ಲಿದ್ದರು. 1936ರ ಒಲಿಂಪಿಕ್ಸ್‌ಗಾಗಿ ಹಿಟ್ಲರ್ ಆಡಳಿತ ಕಟ್ಟಿಸಿದ ಕ್ರೀಡಾಂಗಣದಲ್ಲಿ, ಗೋಡೆಯಿಲ್ಲದ ನಗರದಲ್ಲಿ, ಸ್ವಾತಂತ್ರ್ಯದ ಬಗ್ಗೆ ಹಾಡಿದರು. ಈ ಬಾರಿ ಆತಂಕ ಇದ್ದದ್ದು ಹಾಡುಗಾರನ ಊರಿನ ಬಗ್ಗೆ.

ಸ್ಯಾನ್ ಸಿರೊದಲ್ಲಿ ಕೊನೆ

ಪ್ರವಾಸ ಮುಗಿದ ಸ್ಯಾನ್ ಸಿರೊ ಕ್ರೀಡಾಂಗಣಕ್ಕೂ ಒಂದು ಕಥೆಯಿದೆ. 1985ರ ಜೂನ್ 21ರಂದು ಸ್ಪ್ರಿಂಗ್‌ಸ್ಟೀನ್ ಇಟಲಿಯಲ್ಲಿ ಮೊದಲ ಬಾರಿ ಹಾಡಿದ್ದು ಅಲ್ಲಿಯೇ. 40 ವರ್ಷಗಳ ನಂತರ ಅದೇ ಮೈದಾನದಲ್ಲಿ, ಅಮೆರಿಕದ ಸ್ವಾತಂತ್ರ್ಯ ದಿನದ ಮುನ್ನಾದಿನ, ಈ ಸುದೀರ್ಘ ಪ್ರವಾಸ ಸರಣಿ ಕೊನೆಗೊಂಡಿತು. ಮೂರು ತಿಂಗಳೂ ಕಳೆಯುವ ಮುನ್ನ, 2025ರ ಸೆಪ್ಟೆಂಬರ್ 30ರಂದು ಮಿಲಾನ್ ನಗರಸಭೆ ಆ ಕ್ರೀಡಾಂಗಣವನ್ನು ನಗರದ ಎರಡು ಫುಟ್‌ಬಾಲ್ ಕ್ಲಬ್‌ಗಳಿಗೆ ಮಾರಲು ಒಪ್ಪಿಗೆ ನೀಡಿತು. ಪಕ್ಕದಲ್ಲೇ ಹೊಸ ಕ್ರೀಡಾಂಗಣ ಕಟ್ಟಿ ಹಳೆಯದರ ಬಹುಭಾಗವನ್ನು ಕೆಡವುವುದು ಕ್ಲಬ್‌ಗಳ ಯೋಜನೆ.

ಪ್ರವಾಸದ ನಡುವೆಯೇ, ಜೂನ್ 27ರಂದು, ದಶಕಗಳ ಕಾಲ ಪೆಟ್ಟಿಗೆಯಲ್ಲಿ ಉಳಿದಿದ್ದ ಏಳು ಆಲ್ಬಂಗಳ ಸಂಪುಟವನ್ನೂ ಸ್ಪ್ರಿಂಗ್‌ಸ್ಟೀನ್ ಹೊರತಂದರು. ಆ ರಾತ್ರಿ ಅವರು ಗೆಲ್ಸೆನ್‌ಕಿರ್ಖೆನ್‌ನಲ್ಲಿ ಹಾಡುತ್ತಿದ್ದರು. ಕಲ್ಲಿದ್ದಲು ಗಣಿಗಳಿಂದ ಬೆಳೆದು, ಗಣಿಗಳು ಮುಚ್ಚಿದ ಬಳಿಕ ಸೊರಗಿದ ಜರ್ಮನಿಯ ಊರು ಅದು. ಮುಚ್ಚಿದ ಕಾರ್ಖಾನೆಗಳ ಬಗ್ಗೆ ಇಂಗ್ಲಿಷ್‌ನಲ್ಲಿ ಬರೆದ ಹಾಡುಗಳನ್ನು ಅಲ್ಲಿನ ಸಾವಿರಾರು ಜನ ಕಂಠಪಾಠವಾಗಿ ಹಾಡಿದರು. ನ್ಯೂಜೆರ್ಸಿಯ ಗಾಯಕನನ್ನು ಯೂರೋಪು ತನ್ನವನೆಂದು ಏಕೆ ಭಾವಿಸಿತು ಎಂಬ ಪ್ರಶ್ನೆಗೆ ಉತ್ತರ ಬಹುಶಃ ಆ ಊರಿನಲ್ಲಿದೆ.